ನಕ್ಷತ್ರಗಳು ಉದುರಿದ ರಾತ್ರಿಯೂ ಅದರ ಮರುದಿನವೂ

ಧ್ಯಾನಕ್ಕಾಗಿ ವೇದಭಾಗ: ಲೂಕ 21ನೇ ಅಧ್ಯಾಯ, 25ರಿಂದ 28ನೇ ವಚನಗಳು, ಯೆರೆಮೀಯ 10ನೇ ಅಧ್ಯಾಯ, 2ನೇ ವಚನ.



ಡಿಸೆಂಬರ್ ತಿಂಗಳು ನಮ್ಮ ಸಭೆಗಳಿಗೆ ಆಗಮನ ಕಾಲ; ನಮ್ಮ ಹೊಲಗಳಿಗೆ ಅದೇ ಸುಗ್ಗಿಯ ಕಾಲ. ರಾಗಿಯ ಮೆದೆಯನ್ನೂ ಭತ್ತದ ಬಣವೆಯನ್ನೂ ಕಾಯುವದಕ್ಕೋಸ್ಕರ ಕಣದಲ್ಲಿ ಕಂಬಳಿ ಹೊದ್ದು ಮಲಗುವವರೂ, ಹಂದಿಗಳು ಬಾರದಂತೆ ಅಟ್ಟಣೆಯ ಮೇಲೆ ಕೂತು ರಾತ್ರಿಯನ್ನು ಕಳೆಯುವವರೂ ಈ ದಿವಸಗಳಲ್ಲಿ ಪಟ್ಟಣದವರಿಗಿಂತ ಹೆಚ್ಚಾಗಿ ಆಕಾಶವನ್ನು ನೋಡುತ್ತಾರೆ. ಈ ತಿಂಗಳ 13ನೇ ಮತ್ತು 14ನೇ ತಾರೀಖುಗಳ ನಡುವಣ ರಾತ್ರಿಯಲ್ಲಿ, ಮೋಡವೂ ಬೆಳದಿಂಗಳೂ ಇಲ್ಲದೆ ಇದ್ದರೆ, ನಕ್ಷತ್ರಗಳು ಒಂದರ ಹಿಂದೆ ಒಂದು ಜಾರಿ ಬೀಳುವಂತೆ ತೋರುವ ನೋಟವನ್ನು ಇಂಥವರಲ್ಲಿ ಅನೇಕರು ಕಂಡಿರಬಹುದು.

ಚುಕ್ಕಿ ಜಾರಿದರೆ ಎಲ್ಲಿಯೋ ಒಂದು ಪ್ರಾಣ ಹೋಯಿತೆಂದು ಹೇಳುವವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅದನ್ನು ನೋಡಬಾರದೆಂದು ಮಕ್ಕಳನ್ನು ಒಳಕ್ಕೆ ಕರೆಯುವವರೂ ಇದ್ದಾರೆ. ಈ ಎಣಿಕೆ ಹೊಸದಲ್ಲ. ಆರನೆಯ ಶತಮಾನದವನಾದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಉಲ್ಕೆಗಳ ಲಕ್ಷಣವನ್ನು ಹೇಳುವ ಒಂದು ಅಧ್ಯಾಯವುಂಟು. ಕ್ರೈಸ್ತರಾದ ನಾವೂ ಈ ವಿಷಯದಲ್ಲಿ ಧೈರ್ಯಶಾಲಿಗಳೆಂದು ಹೊಗಳಿಕೊಳ್ಳಲಾಗದು. ಶಕುನಕ್ಕೆ ಹೆದರುವದನ್ನು ಬಿಟ್ಟೆವೆಂದು ಹೇಳುವವರಲ್ಲಿಯೂ ಕೆಲವರು ಪ್ರಕಟನೆಯ ಪುಸ್ತಕವನ್ನು ಓದಿ, ಒಂದು ಉಲ್ಕೆ ಕಂಡ ಕೂಡಲೇ ಲೋಕಾಂತ್ಯ ಬಂತೆಂದು ನಡುಗುತ್ತಾರೆ. ಹೆದರಿಕೆಯ ಹೆಸರು ಬದಲಾಯಿತೇ ಹೊರತು ಹೆದರಿಕೆ ಹೋಗಲಿಲ್ಲ.

ಆದದರಿಂದ ಈ ತಿಂಗಳಲ್ಲಿ ಮೂರು ಸಂಗತಿಗಳನ್ನು ವಿಚಾರಿಸೋಣ. ಮೊದಲನೆಯದು, ಆಕಾಶದಿಂದ ಬೀಳುವದು ಏನು? ಎರಡನೆಯದು, ನಕ್ಷತ್ರಗಳೆಲ್ಲಾ ಉದುರಿದವೆಂದು ಜನರು ನಂಬಿದ ಒಂದು ರಾತ್ರಿಯಲ್ಲಿ ಅವರು ಏನು ಮಾಡಿದರು? ಮೂರನೆಯದು, ಅದನ್ನು ಕೇಳಿದ ನಾವು ಏನು ಮಾಡತಕ್ಕದ್ದು?

ಮೊದಲನೆಯದಾಗಿ, ಬೀಳುವದು ಏನು?

ನಕ್ಷತ್ರಗಳು ಬೀಳುವದಿಲ್ಲ. ನಮ್ಮ ಸೂರ್ಯನು ಒಂದು ನಕ್ಷತ್ರವೇ. ನಮ್ಮ ಭೂಮಿಯಂಥ 109 ಭೂಮಿಗಳನ್ನು ಒಂದೇ ಸಾಲಾಗಿ ಇಟ್ಟರೆ ಅವನ ಅಗಲಕ್ಕೆ ಸರಿಯಾಗುವದು. ಅಂಥ ಒಂದು ನಕ್ಷತ್ರವು ನಮ್ಮ ಕಡೆಗೆ ಬಂದರೆ ಅದನ್ನು ನೋಡಿ ಹೇಳುವದಕ್ಕೆ ಯಾರೂ ಉಳಿಯಲಾರರು. ಇದನ್ನು ತಿಳಿಯುವದಕ್ಕೆ ದೊಡ್ಡ ವಿದ್ಯೆಯೂ ಬೇಡ. ಎಷ್ಟೋ ಚುಕ್ಕಿಗಳು ಜಾರಿದಂತೆ ಕಂಡ ರಾತ್ರಿಯ ಮರುದಿನ ಸಪ್ತರ್ಷಿ ಮಂಡಲವನ್ನು ಎಣಿಸಿ ನೋಡಿರಿ; ಏಳೂ ತಮ್ಮ ತಮ್ಮ ಸ್ಥಳದಲ್ಲಿಯೇ ಇರುವವು. ಕೃತ್ತಿಕೆಯ ಗುಂಪಿನಿಂದ ಒಂದೂ ಕಡಿಮೆಯಾಗಿರದು. ನಕ್ಷತ್ರಗಳ ಲೆಕ್ಕವನ್ನು ಬಲ್ಲವನೂ ಒಂದೊಂದನ್ನು ಹೆಸರು ಹಿಡಿದು ಕರೆಯುವವನೂ ದೇವರೇ ಎಂದು ಕೀರ್ತನೆಗಾರನು ಹಾಡಿದನಲ್ಲವೇ? ಆತನ ಲೆಕ್ಕದಿಂದ ಒಂದೂ ತಪ್ಪಿಹೋಗಲಿಲ್ಲ.

ಹಾಗಾದರೆ ಉರಿದು ಹೋದದ್ದು ಯಾವದು? ಅದು ಧೂಳು. ಬಾಲಚುಕ್ಕಿ ಎಂದು ನಾವು ಕರೆಯುವ ಧೂಮಕೇತುವು ಮಂಜುಗಡ್ಡೆಯೂ ಧೂಳೂ ಕೂಡಿಕೊಂಡ ಒಂದು ದೊಡ್ಡ ಗಡ್ಡೆ. ಅದು ಸೂರ್ಯನ ಹತ್ತಿರ ಬರುವಾಗ ಕಾದು, ತನ್ನ ಧೂಳನ್ನು ದಾರಿಯುದ್ದಕ್ಕೂ ಚೆಲ್ಲುತ್ತಾ ಹೋಗುತ್ತದೆ. ಹೊಟ್ಟು ತುಂಬಿದ ಬಂಡಿ ಹೋದ ದಾರಿಯಲ್ಲಿ ಹೊಟ್ಟು ಉದುರಿ ಬಿದ್ದಿರುವಂತೆಯೇ ಇದು. ಭೂಮಿಯು ಸೂರ್ಯನನ್ನು ಸುತ್ತುತ್ತಾ ಪ್ರತಿವರುಷವೂ ಅದೇ ತಾರೀಖುಗಳಲ್ಲಿ ಆ ದಾರಿಯನ್ನು ಅಡ್ಡಲಾಗಿ ದಾಟುತ್ತದೆ. ಆಗ ಆ ಧೂಳಿನ ಕಣಗಳು ನಮ್ಮ ಮೇಲಣ ಗಾಳಿಯೊಳಕ್ಕೆ ಬಹು ವೇಗದಿಂದ ನುಗ್ಗುತ್ತವೆ. ಮುಂದಣ ಗಾಳಿಯು ಒತ್ತಲ್ಪಟ್ಟು ಕಾಯುವದರಿಂದ ಕಣವು ಉರಿದು ಹೊಳೆದು, ನೆಲದಿಂದ ಸುಮಾರು 100 ಕಿಲೋಮೀಟರು ಎತ್ತರದಲ್ಲಿಯೇ ಮುಗಿದು ಹೋಗುತ್ತದೆ. ಈ ಕಣಗಳಲ್ಲಿ ಹೆಚ್ಚಿನವು ಮರಳಿನ ಕಾಳಿನಷ್ಟು, ದೊಡ್ಡದೆಂಬದು ಕಡಲೆಕಾಳಿನಷ್ಟು. ಅವು ನಮ್ಮ ಮನೆಯ ಹಂಚನ್ನೂ ಮುಟ್ಟುವದಿಲ್ಲ.

ಡಿಸೆಂಬರ್ ತಿಂಗಳ ಉಲ್ಕೆಗಳು ಮಿಥುನ ರಾಶಿಯ ಕಡೆಯಿಂದ ಬರುವಂತೆ ತೋರುತ್ತವೆ. ಆ ರಾಶಿಯಲ್ಲಿ ಜೊತೆಯಾಗಿ ಹೊಳೆಯುವ ಎರಡು ನಕ್ಷತ್ರಗಳನ್ನು ನಮ್ಮ ರೈತರು ಪುನರ್ವಸು ಎಂಬ ಹೆಸರಿನಿಂದ, ಆ ಹೆಸರಿನ ಮಳೆಯಿಂದ, ಚೆನ್ನಾಗಿ ಬಲ್ಲರು. ಉಲ್ಕೆಗಳೆಲ್ಲಾ ಒಂದೇ ಕಡೆಯಿಂದ ಚದರುವಂತೆ ಕಾಣುವದು ಯಾಕೆ? ಉದ್ದವಾದ ಹೊಲದ ಒಂದು ತುದಿಯಲ್ಲಿ ನಿಂತು ನೋಡಿದರೆ, ಸರಿಸಮವಾಗಿ ಹೊಡೆದ ನೇಗಿಲ ಸಾಲುಗಳೆಲ್ಲಾ ದೂರದಲ್ಲಿ ಒಂದೇ ಕಡೆ ಕೂಡಿದಂತೆ ತೋರುತ್ತವಲ್ಲವೇ? ಹಾಗೆಯೇ ಆಕಾಶದಲ್ಲಿ ಸಮವಾದ ಸಾಲುಗಳಾಗಿ ಬರುವ ಈ ಕಣಗಳ ದಾರಿಗಳೂ ನಮ್ಮ ಕಣ್ಣಿಗೆ ಒಂದೇ ಸ್ಥಳದಿಂದ ಹೊರಟಂತೆ ತೋರುತ್ತವೆ. ಈ ಉಲ್ಕೆಗಳು ಮೊದಲು ಗುರುತಿಸಲ್ಪಟ್ಟದ್ದು 1862ರಲ್ಲಿ. ಅವುಗಳ ಧೂಳನ್ನು ಚೆಲ್ಲಿದ್ದು ಐದಾರು ಕಿಲೋಮೀಟರು ಅಗಲವಾದ ಫೇಥಾನ್ ಎಂಬ ಬಂಡೆಯೆಂದು ತಿಳಿದುಬಂದದ್ದು, 1983ರಲ್ಲಿ ಒಂದು ಉಪಗ್ರಹದ ಮೂಲಕ ಆ ಬಂಡೆ ಕಂಡುಬಂದ ಮೇಲೆಯೇ. ಅದರ ಕಣಗಳು ಒಂದು ಸೆಕೆಂಡಿಗೆ ಸುಮಾರು 35 ಕಿಲೋಮೀಟರು ವೇಗದಲ್ಲಿ ಬರುತ್ತವೆ.

ಪ್ರಿಯರೇ, ಇದು ತಿಳಿದ ಮೇಲೆ ಹೆದರುವದು ಯಾತಕ್ಕೆ? ಸಾವು ಪ್ರತಿರಾತ್ರಿಯೂ ಲೋಕದಲ್ಲಿ ನಡೆಯುತ್ತದೆ. ಹುಟ್ಟುವದೂ ಪ್ರತಿರಾತ್ರಿ ನಡೆಯುತ್ತದೆ. ಧೂಳಿನ ಕಣಕ್ಕೆ ಇವೆರಡರಲ್ಲಿ ಯಾವದೂ ತಿಳಿಯದು. ಅನ್ಯಜನರು ಆಕಾಶದ ಗುರುತುಗಳಿಗೆ ಹೆದರಿದರೂ ನೀವು ಹೆದರಬೇಡಿರೆಂದು ದೇವರು ಯೆರೆಮೀಯನ ಮುಖಾಂತರ ತನ್ನ ಜನರಿಗೆ ಎಚ್ಚರಿಕೆ ಕೊಟ್ಟದ್ದು ಇಂಥಾ ಭಯದ ವಿಷಯವಾಗಿಯೇ. ಸೃಷ್ಟಿಯನ್ನು ಕಂಡು ಬೆರಗಾಗುವದು ಒಳ್ಳೇದು. ಸೃಷ್ಟಿಗೆ ಅಂಜುವದು ಸೃಷ್ಟಿಕರ್ತನಿಗೆ ಸಲ್ಲತಕ್ಕದ್ದನ್ನು ಮಣ್ಣಿಗೆ ಸಲ್ಲಿಸಿದ ಹಾಗೆಯೇ ಆಗುವದು.

ಎರಡನೆಯದಾಗಿ, ಒಂದು ರಾತ್ರಿಯ ಕಥೆಯನ್ನು ಕೇಳಿರಿ.

ಕ್ರಿಸ್ತ ಶಕ 1833ನೇ ಇಸವಿಯ ನವೆಂಬರ್ ತಿಂಗಳ 13ನೇ ತಾರೀಖು, ಬೆಳಗಾಗುವದಕ್ಕೆ ಮುಂಚೆ, ಅಮೇರಿಕ ದೇಶದವರು ಆಕಾಶದಲ್ಲಿ ಹಿಂದೆಂದೂ ಕಾಣದ ನೋಟವನ್ನು ಕಂಡರು. ಒಂದು ಗಂಟೆಗೆ ಹತ್ತು ಇಪ್ಪತ್ತು ಉಲ್ಕೆಗಳಲ್ಲ, ಸಾವಿರ ಸಾವಿರವಾಗಿ ಮಳೆಯಂತೆ ಅವು ಸುರಿದವು. ಗಂಟೆಗೆ ಹತ್ತಾರು ಸಾವಿರಗಳೆಂದು ನಂತರ ಅಂದಾಜು ಮಾಡಿದರು. ಕಿಟಿಕಿಯ ಬೆಳಕಿಗೆ ಎಚ್ಚೆತ್ತವರು ಊರಿಗೆ ಬೆಂಕಿ ಬಿತ್ತೆಂದು ಹೊರಗೆ ಓಡಿಬಂದರು. ಹೊರಗೆ ಬಂದು ಮೇಲೆ ನೋಡಿದಾಗ ನಕ್ಷತ್ರಗಳೆಲ್ಲಾ ಉದುರುತ್ತಿವೆ ಎಂದು ಕೂಗಿದರು. ಅನೇಕರು ನ್ಯಾಯತೀರ್ಪಿನ ದಿನ ಬಂತೆಂದು ಬೀದಿಯಲ್ಲಿಯೇ ಮೊಣಕಾಲೂರಿ ಅತ್ತರು. ಆ ದೇಶದ ಬಯಲು ಸೀಮೆಗಳಲ್ಲಿದ್ದ ಲಕೋಟಾ ಎಂಬ ಮೂಲನಿವಾಸಿಗಳು ಪ್ರತಿವರುಷಕ್ಕೆ ಒಂದೊಂದು ಚಿತ್ರವನ್ನು ಬರೆದು ವರುಷಗಳ ಲೆಕ್ಕ ಇಡುತ್ತಿದ್ದರು. ಆ ವರುಷಕ್ಕೆ ಅವರು ಉದುರುವ ನಕ್ಷತ್ರಗಳನ್ನು ಬರೆದರು.

ಆ ಕಾಲದಲ್ಲಿ ಅದರ ಕಾರಣವು ಯಾರಿಗೂ ತಿಳಿದಿರಲಿಲ್ಲ. ಯೇಲ್ ವಿದ್ಯಾಲಯದಲ್ಲಿ ಉಪಾಧ್ಯಾಯರಾಗಿದ್ದ ಡೆನಿಸನ್ ಓಲ್ಮ್‌ಸ್ಟೆಡ್ ಎಂಬವರು ತಾವು ಕಂಡದ್ದನ್ನು ವರ್ತಮಾನ ಪತ್ರಿಕೆಯಲ್ಲಿ ಬರೆದು, ಬೇರೆ ಬೇರೆ ಊರಿನವರು ಕಂಡದ್ದನ್ನೂ ತಿಳಿಸಬೇಕೆಂದು ಬೇಡಿಕೊಂಡರು. ಬಂದ ಕಾಗದಗಳನ್ನು ಕೂಡಿಸಿ ನೋಡಲಾಗಿ, ಉಲ್ಕೆಗಳೆಲ್ಲಾ ಸಿಂಹ ರಾಶಿಯ ಒಂದೇ ಭಾಗದಿಂದ, ಅಂದರೆ ನಮ್ಮವರು ಮಘೆ ಎಂದು ಕರೆಯುವ ನಕ್ಷತ್ರದ ಹತ್ತಿರದಿಂದ, ಹೊರಟಂತೆ ಎಲ್ಲರಿಗೂ ತೋರಿತ್ತೆಂದು ಗೊತ್ತಾಯಿತು. ಹ್ಯೂಬರ್ಟ್ ನ್ಯೂಟನ್ ಎಂಬ ಪಂಡಿತರು ಕ್ರಿಸ್ತ ಶಕ 902ರಿಂದ ಬರೆದಿಟ್ಟ ಹಳೇ ದಾಖಲೆಗಳನ್ನು ಹುಡುಕಿ, ಈ ಮಳೆ ಸುಮಾರು 33 ವರುಷಗಳಿಗೊಮ್ಮೆ ಹೆಚ್ಚುತ್ತದೆಂದು ಕಂಡು, 1866ರಲ್ಲಿ ತಿರಿಗಿ ಬರುವದೆಂದು ಮುಂದಾಗಿ ಹೇಳಿದರು. ಹೇಳಿದಂತೆಯೇ ಬಂತು. ಸೂರ್ಯನನ್ನು 33 ವರುಷಕ್ಕೊಮ್ಮೆ ಸುತ್ತಿ ಬರುವ ಟೆಂಪಲ್-ಟಟಲ್ ಎಂಬ ಧೂಮಕೇತುವೇ ಆ ಧೂಳನ್ನು ಚೆಲ್ಲಿದ್ದೆಂದು ಆ ಕಾಲದಲ್ಲಿಯೇ ತಿಳಿಯಿತು. ಆದರೆ 1899ರಲ್ಲಿ ಬರುವದೆಂದು ಕಾದವರು ನಿರಾಶರಾದರು. ಗುರು ಶನಿ ಗ್ರಹಗಳ ಸೆಳೆತದಿಂದ ಧೂಳಿನ ದಾರಿ ಸ್ವಲ್ಪ ಬದಿಗೆ ಸರಿದಿತ್ತು. 1966ರಲ್ಲಿ ಅದು ಮತ್ತೆ ಭಾರೀ ಮಳೆಯಾಗಿ ಅಮೇರಿಕದ ಪಶ್ಚಿಮ ಭಾಗದಲ್ಲಿ ಕಂಡಿತು.

ಇನ್ನು ಆಕಾಶವನ್ನು ಬಿಟ್ಟು ನೆಲದ ಮೇಲೆ ನಡೆದದ್ದನ್ನು ನೋಡೋಣ. 1833ರಲ್ಲಿ ಅಮೇರಿಕ ದೇಶದಲ್ಲಿ ಆಫ್ರಿಕ ಸಂತತಿಯವರಾದ ಸುಮಾರು 20 ಲಕ್ಷ ಮಂದಿ ಗುಲಾಮರಾಗಿದ್ದರು. ಯಜಮಾನರು ಅವರನ್ನು ದನಗಳಂತೆ ಕೊಂಡು ಮಾರುತ್ತಿದ್ದರು. ತಾಯಿಯನ್ನು ಒಂದು ಊರಿಗೆ, ಮಗುವನ್ನು ಇನ್ನೊಂದು ಊರಿಗೆ ಮಾರಿದ ಮೇಲೆ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಈ ಯಜಮಾನರಲ್ಲಿ ಅನೇಕರು ಭಾನುವಾರದಲ್ಲಿ ಬೈಬಲನ್ನು ಕೈಯಲ್ಲಿ ಹಿಡಿದು ದೇವಾಲಯಕ್ಕೆ ಹೋಗುವವರೇ ಆಗಿದ್ದರೆಂಬದನ್ನು ನಾವು ಮರೆಯಬಾರದು.

ಆ ರಾತ್ರಿಯ ಒಂದು ಸಂಗತಿಯನ್ನು ಗುಲಾಮರಾಗಿದ್ದವರ ಸಂತತಿಯ ಒಂದು ಕುಟುಂಬದವರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ಅದೇನಂದರೆ, ಆಕಾಶವು ಉರಿಯುವದನ್ನು ಕಂಡ ಅವರ ಯಜಮಾನನು ತನ್ನ ಕಡೇ ಗಳಿಗೆ ಬಂತೆಂದು ನಂಬಿ, ಗುಲಾಮರನ್ನೆಲ್ಲಾ ಕೂಡಿಸಿ, ನಿನ್ನ ತಾಯಿ ಇಂಥವಳು, ನಿನ್ನ ತಂದೆ ಇಂಥವನು, ಅವರನ್ನು ಇಂಥ ಕಡೆಗೆ ಮಾರಿದ್ದೇವೆ ಎಂದು ಒಬ್ಬೊಬ್ಬರಿಗೂ ಹೇಳತೊಡಗಿದನು. ಪ್ರಿಯರೇ, ಇದನ್ನು ಸ್ವಲ್ಪ ಯೋಚಿಸಿರಿ. ಅವನಿಗೆ ಎಲ್ಲವೂ ಗೊತ್ತಿತ್ತು. ಆ ಮಕ್ಕಳು ಕೇಳದಿರಲೆಂದು ಅವನು ಅದನ್ನು ಎಷ್ಟೋ ವರುಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನು. ಅವನ ಬಾಯನ್ನು ತೆರೆಯಿಸುವದಕ್ಕೆ ಒಂದು ಧೂಮಕೇತುವಿನ ಧೂಳು ಬೇಕಾಯಿತು!

ಅದೇ ಆಕಾಶವನ್ನು ಕಂಡ ಮತ್ತೊಬ್ಬನಿದ್ದನು. ಅವನ ಹೆಸರು ಫ್ರೆಡರಿಕ್ ಡಗ್ಲಸ್. ಆಗ ಅವನು ಸುಮಾರು ಹದಿನೈದು ವರುಷದ ಗುಲಾಮ ಹುಡುಗನು. ಅವನು 1838ರಲ್ಲಿ ದಾಸತ್ವದಿಂದ ತಪ್ಪಿಸಿಕೊಂಡು, ಗುಲಾಮಗಿರಿಯ ವಿರುದ್ಧ ಹೋರಾಡಿದ ದೊಡ್ಡ ವಾಗ್ಮಿಯಾದನು. 1855ರಲ್ಲಿ ಪ್ರಕಟವಾದ ತನ್ನ ಜೀವನ ಚರಿತ್ರೆಯಲ್ಲಿ ಅವನು ಆ ರಾತ್ರಿಯನ್ನು ನೆನಸಿದ್ದಾನೆ. ಆ ಬೆಳಕನ್ನು ಕಂಡು ಅವನೂ ಬೆರಗಾದನು. ಮನುಷ್ಯಕುಮಾರನ ಬರೋಣಕ್ಕೆ ಇದು ಮುಂಗುರುತಾಗಿರಬಹುದೆಂಬ ಎಣಿಕೆ ಅವನಿಗೂ ಬಂತು. ಆದರೆ ಅವನು ಓಡಿ ಅವಿತುಕೊಳ್ಳಲಿಲ್ಲ. ಬರುವಾತನನ್ನು ತನ್ನ ಸ್ನೇಹಿತನೆಂದೂ ಬಿಡಿಸುವವನೆಂದೂ ಎದುರುಗೊಳ್ಳುವದಕ್ಕೆ ಅವನ ಮನಸ್ಸು ಸಿದ್ಧವಾಗಿತ್ತು. ಭೂಮಿಯ ಮೇಲೆ ಅವನಿಗೆ ವಿಶ್ರಾಂತಿ ಸಿಕ್ಕಿರಲಿಲ್ಲ. ಆದದರಿಂದ ಅವನು ಪರಲೋಕದ ಕಡೆಗೆ ನೋಡುತ್ತಿದ್ದನು.

ಒಂದೇ ಆಕಾಶ, ಒಂದೇ ರಾತ್ರಿ, ಒಂದೇ ಬೆಳಕು. ಯಜಮಾನನು ನಡುಗಿದನು; ಗುಲಾಮನು ತಲೆ ಎತ್ತಿದನು. ಭೇದವು ಆಕಾಶದಲ್ಲಿರಲಿಲ್ಲ, ಅದರ ಕೆಳಗೆ ನಿಂತವರ ಲೆಕ್ಕದಲ್ಲಿ ಇತ್ತು. ಲೂಕನು ಬರೆದ ಸುವಾರ್ತೆಯ 21ನೇ ಅಧ್ಯಾಯದಲ್ಲಿ ನಮ್ಮ ಕರ್ತನು ಇದನ್ನೇ ಹೇಳುತ್ತಾನೆ. ಆಕಾಶದ ಬಲಗಳು ಕದಲುವಾಗ ಭೂಲೋಕದವರಲ್ಲಿ ಕೆಲವರು ಭಯದಿಂದ ಪ್ರಾಣ ಹೋದಂತೆ ಆಗುವರು. ತನ್ನ ಶಿಷ್ಯರಾದರೋ ನೆಟ್ಟಗೆ ನಿಂತು ಮೇಲಕ್ಕೆ ನೋಡಬೇಕು, ಯಾಕಂದರೆ ಅವರ ಬಿಡುಗಡೆ ಹತ್ತಿರವಾಗಿದೆ. ಸಾಲಗಾರನಿಗೆ ಸಾಹುಕಾರನ ಕುದುರೆಯ ಸಪ್ಪಳ ಎದೆಗೆ ಹೊಡೆಯುತ್ತದೆ. ತಂದೆಯನ್ನು ಕಾಯುವ ಮಗುವಿಗೆ ಅದೇ ಸಪ್ಪಳ ಸಂತೋಷದ ಸುದ್ದಿಯಾಗಿರುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ರಾತ್ರಿ ಕಳೆಯಿತು. ಸೂರ್ಯನು ಎಂದಿನಂತೆ ಮೂಡಿದನು. ಆಕಾಶ ಶುಭ್ರವಾಗಿತ್ತು, ರಾತ್ರಿಯಾದಾಗ ನಕ್ಷತ್ರಗಳೆಲ್ಲಾ ತಮ್ಮ ಸ್ಥಳದಲ್ಲಿದ್ದವು. ಮರುದಿನ ಯಜಮಾನರು ಏನು ಮಾಡಿದರು? ಅಮೇರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಪೂರ್ಣವಾಗಿ ನಿಂತದ್ದು 1865ರಲ್ಲಿ, ಅಂದರೆ ನಕ್ಷತ್ರಗಳು ಉದುರಿದ 32 ವರುಷಗಳ ತರುವಾಯ. ಅದೂ ಒಂದು ಘೋರವಾದ ಯುದ್ಧದಲ್ಲಿ ಲಕ್ಷಾಂತರ ಜನರು ಸತ್ತ ಮೇಲೆ. ರಾತ್ರಿಯಲ್ಲಿ ಬಾಯಿ ತೆರೆಯಿತು, ಹಗಲಿನಲ್ಲಿ ಬೀಗ ತೆರೆಯಲಿಲ್ಲ.

ಭಯದಿಂದ ಹುಟ್ಟುವ ಪಶ್ಚಾತ್ತಾಪದ ಸ್ವಭಾವವೇ ಇದು. ಐಗುಪ್ತದ ಫರೋಹನನ್ನು ನೆನಸಿರಿ. ಗುಡುಗೂ ಆನೆಕಲ್ಲಿನ ಮಳೆಯೂ ಅವನ ದೇಶದ ಬೆಳೆಯನ್ನು ಹೊಡೆಯುತ್ತಿರುವಾಗ ಅವನು ಮೋಶೆಯನ್ನು ಕರೆಯಿಸಿ, ತಪ್ಪು ತನ್ನದೆಂದೂ ದೇವರು ನೀತಿವಂತನೆಂದೂ ಒಪ್ಪಿಕೊಂಡನು. ಮಾತು ಎಷ್ಟು ಚೆನ್ನಾಗಿತ್ತು! ಆದರೆ ಮಳೆ ನಿಂತಿತು, ಮೋಡ ಹರಿಯಿತು, ಫರೋಹನ ಹೃದಯ ತಿರಿಗಿ ಕಲ್ಲಾಯಿತು. ಬೆಳೆಯನ್ನು ಹೊಡೆದ ಕಲ್ಲು ಕರಗಿತು, ಎದೆಯೊಳಗಿನ ಕಲ್ಲು ಕರಗಲಿಲ್ಲ. ದೇಶಾಧಿಪತಿಯಾದ ಫೇಲಿಕ್ಸನೂ ಹಾಗೆಯೇ. ಪೌಲನು ನೀತಿಯನ್ನೂ ಬರುವ ನ್ಯಾಯತೀರ್ಪನ್ನೂ ಕುರಿತು ಮಾತಾಡಿದಾಗ ಅವನು ನಡುಗಿದನು. ನಡುಗಿದ ಮೇಲೆ, ಈಗ ಹೋಗು, ಸಮಯ ಸಿಕ್ಕಿದಾಗ ಕರೆಯಿಸುತ್ತೇನೆಂದು ಕಳುಹಿಸಿಬಿಟ್ಟನು. ನಡುಕವು ಪಶ್ಚಾತ್ತಾಪವಲ್ಲ. ನಡುಕವು ಶರೀರದಲ್ಲಿ ಹುಟ್ಟಿ ಬೆಳಗಾದ ಮೇಲೆ ಇಳಿದು ಹೋಗುತ್ತದೆ; ಪಶ್ಚಾತ್ತಾಪವು ಬೆಳಗಾದ ಮೇಲೆಯೇ ಕೆಲಸಕ್ಕೆ ಹೊರಡುತ್ತದೆ.

ಮೂರನೆಯದಾಗಿ, ನಾವು ಮಾಡತಕ್ಕದ್ದೇನು?

ಮಾಡಬಾರದಾದ ಒಂದನ್ನು ಮೊದಲು ಹೇಳುವೆವು. ಕರ್ತನು ಬರುವ ದಿನವನ್ನು ಲೆಕ್ಕಹಾಕಬಾರದು. 1833ರ ನೋಟವನ್ನು ಕಡೇ ಕಾಲದ ಗುರುತೆಂದು ಎಣಿಸಿದವರಲ್ಲಿ ಅಮೇರಿಕದ ವಿಲಿಯಂ ಮಿಲ್ಲರ್ ಎಂಬವರ ಬೋಧನೆಯನ್ನು ಕೇಳಿದವರೂ ಇದ್ದರು. ಕೊನೆಗೆ ಅವರ ಗುಂಪಿನವರು 1844ನೇ ಅಕ್ಟೋಬರ್ 22ನೇ ತಾರೀಖನ್ನು ಆ ದಿನವೆಂದು ನಿಶ್ಚಯಿಸಿದರು. ಕೆಲವರು ಹೊಲದ ಬೆಳೆಯನ್ನು ಕೀಳದೆ ನೆಲದಲ್ಲಿಯೇ ಬಿಟ್ಟು ಕಾದುಕೊಂಡರು. ಆ ದಿನವೂ ಎಲ್ಲಾ ದಿನಗಳಂತೆ ಕಳೆಯಿತು. ಅವರ ದುಃಖಕ್ಕೆ ಮಿತಿಯಿರಲಿಲ್ಲ. ಅವರನ್ನು ನೋಡಿ ನಗುವದು ನಮಗೆ ತಕ್ಕದ್ದಲ್ಲ, ಅವರಲ್ಲಿ ಭಕ್ತಿಯಿತ್ತು. ಆದರೂ ಆ ದಿನವನ್ನು ತಂದೆಯೊಬ್ಬನೇ ಬಲ್ಲನೆಂದು ಕರ್ತನು ಸ್ಪಷ್ಟವಾಗಿ ಹೇಳಿದ ಮೇಲೆ, ಆತನು ಮುಚ್ಚಿದ ಕಾಗದವನ್ನು ನಾವು ಒಡೆಯಬಾರದು. ಧೂಳಿನ ದಾರಿಯನ್ನು ಅಳೆಯುವ ಪಂಡಿತರೇ 1899ರಲ್ಲಿ ತಪ್ಪಿದರಲ್ಲಾ! ಬಿತ್ತುವವನು ಬಿತ್ತಲಿ, ಕೊಯ್ಯುವವನು ಕೊಯ್ಯಲಿ. ಯಜಮಾನನು ಬಂದಾಗ ತನ್ನ ಕೆಲಸದಲ್ಲಿ ಕಂಡುಬರುವ ಆಳೇ ಧನ್ಯನು.

ಇನ್ನು ಮಾಡಬೇಕಾದದ್ದು. ಯಾವ ಮಾತನ್ನು ಆ ಯಜಮಾನನು ನಕ್ಷತ್ರಗಳು ಉದುರುವ ವರೆಗೂ ಹೇಳಲಿಲ್ಲವೋ, ಅಂಥ ಮಾತು ನಮ್ಮಲ್ಲಿ ಒಬ್ಬೊಬ್ಬರ ಹೊಟ್ಟೆಯಲ್ಲಿಯೂ ಇರಬಹುದು. ಈ ರಾತ್ರಿಯೇ ಲೋಕಾಂತ್ಯವೆಂದು ಯಾರಾದರೂ ಬಂದು ಹೇಳಿದರೆ, ನಾವು ಮೊದಲು ಯಾರ ಮನೆಯ ಬಾಗಿಲಿಗೆ ಓಡುವೆವು? ಅಣ್ಣನ ಹೊಲದ ಬದುವನ್ನು ವರುಷಕ್ಕೆ ಒಂದು ಗೇಣು ಒಳಕ್ಕೆ ಉತ್ತವನು ಅಣ್ಣನ ಬಾಗಿಲಿಗೆ ಓಡುವನು. ವಿಧವೆಯಾದ ಅತ್ತಿಗೆಯ ಪಾಲನ್ನು ತನ್ನ ಹೆಸರಿಗೆ ಬರೆಸಿಕೊಂಡವನು ಅವಳ ಬಾಗಿಲಿಗೆ ಓಡುವನು. ಸಭೆಯ ಹಣದ ಲೆಕ್ಕದಲ್ಲಿ ಒಂದು ಪುಟವನ್ನು ಹರಿದವನು ಅಯ್ಯನವರ ಮನೆಗೆ ಓಡುವನು. ಸೊಸೆಯನ್ನು ಮಾತಿನಿಂದ ಸುಟ್ಟ ಅತ್ತೆಯೂ, ಹತ್ತು ವರುಷದಿಂದ ತಮ್ಮನ ಸಂಗಡ ಮಾತು ಬಿಟ್ಟ ಅಣ್ಣನೂ ಅಡಿಗೆಮನೆಗೋ ಪಕ್ಕದ ಜಗಲಿಗೋ ಓಡುವರು. ಪ್ರಿಯರೇ, ಆ ಬಾಗಿಲು ಯಾವದೆಂದು ನಮಗೆ ಗೊತ್ತಿದೆ. ಗೊತ್ತಿರುವದಾದರೆ ಆಕಾಶ ಉರಿಯುವ ವರೆಗೂ ಕಾಯುವದೇಕೆ?

ವಿಶೇಷವಾಗಿ ಕೂಲಿಯ ಮಾತನ್ನು ಇಲ್ಲಿ ಹೇಳದೆ ಬಿಡಲಾರೆವು. ದಾಸತ್ವವು ದೂರದೇಶದ ಪಾಪವೆಂದು ನಾವು ತಿಳಿಯಬಾರದು. ನಮ್ಮ ದೇಶದಲ್ಲಿಯೂ ಗುಲಾಮಗಿರಿಯ ವಿರುದ್ಧ 1843ರಲ್ಲಿ ಕಾಯಿದೆ ಆಯಿತು. ಸಾಲಕ್ಕಾಗಿ ತಲೆಮಾರುಗಟ್ಟಲೆ ದುಡಿಸುವ ಜೀತವು ಕಾನೂನಿನಿಂದ ರದ್ದಾದದ್ದು 1976ರಲ್ಲಿ. ನಮ್ಮ ಸಭೆಗಳ ಅನೇಕ ಮನೆಗಳಲ್ಲಿ ಅಜ್ಜನು ಯಾರ ಕೊಟ್ಟಿಗೆಯಲ್ಲಿ ಮಲಗಿ ಯಾರ ಹೊಲವನ್ನು ಉತ್ತನೆಂಬ ನೆನಪು ಇನ್ನೂ ಆರಿಲ್ಲ. ತಲೆ ಎತ್ತಿ ನೋಡಿರೆಂಬ ಕರ್ತನ ಮಾತು ಅಂಥ ಹಿರಿಯರ ಕಿವಿಗೆ ಎಷ್ಟು ಸಿಹಿಯಾಗಿತ್ತೆಂಬದನ್ನು ನಾವು ಬಲ್ಲೆವು. ಆದರೆ ಈ ಹೊತ್ತು ನಮ್ಮಲ್ಲಿ ಕೆಲವರಿಗೆ ದೇವರು ಹೊಲವನ್ನೂ ಅಂಗಡಿಯನ್ನೂ ಕೊಟ್ಟಿದ್ದಾನೆ. ನಮ್ಮ ಕೈಕೆಳಗೆ ಆಳುಗಳು ದುಡಿಯುತ್ತಾರೆ. ಸುಗ್ಗಿ ಮುಗಿಯಿತು, ಕಾಳು ಮನೆಗೆ ಬಂತು. ಕೊಯ್ದವಳ ಕೂಲಿ ಅವಳ ಕೈಗೆ ಸೇರಿತೇ? ನಾಳೆ ಬಾ ಎಂದು ಎಷ್ಟು ಸಲ ಕಳುಹಿಸಿದೆವು? ತಡೆದಿಟ್ಟ ಕೂಲಿಯು ತಾನಾಗಿ ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನು ಬರೆದಿದ್ದಾನೆ. ಅಜ್ಜನು ತಲೆ ಎತ್ತಿದ ಆಕಾಶದ ಕೆಳಗೆ ಮೊಮ್ಮಗನು ನಡುಗುವವನಾಗಿ ನಿಲ್ಲುವದು ಎಷ್ಟು ದುಃಖಕರ!

ಆದರೆ ಹಗಲಿನಲ್ಲಿ ಮಾಡಿದ ಪಶ್ಚಾತ್ತಾಪಕ್ಕೂ ವೇದದಲ್ಲಿ ಒಂದು ಮಾದರಿ ಉಂಟು. ಜಕ್ಕಾಯನ ಕಾಲದಲ್ಲಿ ಯೆರಿಕೋ ಪಟ್ಟಣದ ಮೇಲೆ ಯಾವ ಚುಕ್ಕಿಯೂ ಉದುರಲಿಲ್ಲ. ಗುಡುಗಿಲ್ಲ, ಬೆಂಕಿಯಿಲ್ಲ. ಜನರು ತಿರುಗಾಡುವ ಹಗಲು, ಒಂದು ಮರ, ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದ ಯೇಸು ಸ್ವಾಮಿ. ಅಷ್ಟೇ. ಜಕ್ಕಾಯನು ಮರದಿಂದ ಇಳಿದನು, ಮನೆಯ ಬಾಗಿಲನ್ನು ತೆರೆದನು, ತರುವಾಯ ತನ್ನ ಲೆಕ್ಕದ ಪುಸ್ತಕವನ್ನೂ ತೆರೆದನು. ಅರ್ಧ ಆಸ್ತಿಯನ್ನು ಬಡವರಿಗೂ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಮೋಸಹೋದವರಿಗೂ ಕೊಡುವೆನೆಂದನು. ಯಜಮಾನನ ಬಾಯನ್ನು ಭಯ ತೆರೆಯಿಸಿತು, ಕೈಯನ್ನು ತೆರೆಯಿಸಲಾರದೆ ಹೋಯಿತು. ಜಕ್ಕಾಯನ ಬಾಯನ್ನೂ ಕೈಯನ್ನೂ ಕೃಪೆ ತೆರೆಯಿಸಿತು. ನಮ್ಮನ್ನು ಹೆಸರು ಹಿಡಿದು ಕರೆಯುವ ಕರ್ತನ ಸ್ವರ ನಮ್ಮ ಬೀದಿಯಲ್ಲಿಯೂ ಕೇಳುತ್ತದೆ. ಅದು ಆಕಾಶದಿಂದ ಬೆಂಕಿಯಾಗಿ ಬೀಳುವದಿಲ್ಲ. ಮನೆಯ ಬಾಗಿಲಲ್ಲಿ ನಿಂತು ತಟ್ಟುತ್ತದೆ.

ಹೀಗಿರಲಾಗಿ ಉಲ್ಕೆಗಳನ್ನು ನೋಡಬಾರದೆಂದು ಹೇಳುವೆವೋ? ಎಂದಿಗೂ ಇಲ್ಲ. 13ನೇ ತಾರೀಖಿನ ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಕಣಕ್ಕೆ ಹೋಗಿರಿ. ದೀಪವನ್ನು ಆರಿಸಿ, ಚಾಪೆಯ ಮೇಲೆ ಅಂಗಾತ ಮಲಗಿ, ಕಣ್ಣು ಕತ್ತಲೆಗೆ ಒಗ್ಗುವದಕ್ಕೆ ಅರ್ಧ ಗಂಟೆ ಬಿಡಿರಿ. ಎಂಟು ಒಂಭತ್ತು ಗಂಟೆಯ ಹೊತ್ತಿಗೆ ಮಿಥುನ ರಾಶಿ ಈಶಾನ್ಯದಲ್ಲಿ ಏರುತ್ತಿರುವದು. ಎರಡು ಗಂಟೆಯ ಸುಮಾರಿಗೆ ಅದು ನೆತ್ತಿಯಿಂದ ಸ್ವಲ್ಪ ಬಡಗಲಿಗೆ ಬರುವದು. ಆಕಾಶ ಶುಭ್ರವಾಗಿದ್ದರೆ ಆ ಹೊತ್ತಿನಲ್ಲಿ ಒಂದು ನಿಮಿಷಕ್ಕೆ ಒಂದಾದರೂ ಕಾಣಬಹುದು. ಇವು ಬೀಳುವ ಪ್ರಾಣಗಳಲ್ಲ, ಧೂಳಿನ ಕಣಗಳೆಂದು ಮಕ್ಕಳಿಗೆ ಹೇಳಿರಿ. ಮರಳಿನ ಕಾಳಿನಷ್ಟು ಧೂಳಿಗೆ ನೂರು ಕಿಲೋಮೀಟರು ದೂರ ಕಾಣುವ ಬೆಳಕನ್ನು ಕೊಟ್ಟ ದೇವರು, ಬಡವರಾದ ನಮ್ಮ ಒಂದು ಸಣ್ಣ ನ್ಯಾಯದ ಕೆಲಸವನ್ನೂ ಕಾಣದೆ ಹೋಗುವನೋ? ಬೇತ್ಲೆಹೇಮಿನ ಹೊಲದಲ್ಲಿ ಮಂದೆಯನ್ನು ಕಾಯುತ್ತಿದ್ದವರಿಗೂ ಮೇಲಿನಿಂದ ಬಂದ ಮೊದಲನೆಯ ಮಾತು ಹೆದರಬೇಡಿರೆಂಬದೇ ಆಗಿತ್ತೆಂದು ಅವರಿಗೆ ತಿಳಿಸಿರಿ.

ಅನಂತರ ಬೆಳಗಾಗುವದು. ಹದಿನಾಲ್ಕನೇ ತಾರೀಖಿನ ಬೆಳಿಗ್ಗೆ ದನಗಳಿಗೆ ಮೇವು ಹಾಕುವದಕ್ಕೆ ಮುಂಚೆ, ಆ ಒಂದು ಬಾಗಿಲಿಗೆ ಹೋಗಿರಿ. ಕೊಡಬೇಕಾದ ಕೂಲಿ ಇದ್ದರೆ ಕೊಡಿರಿ. ಸರಿಸಿದ ಬದು ಇದ್ದರೆ ಅದನ್ನು ಅದರ ಸ್ಥಳಕ್ಕೆ ಹಾಕಿರಿ. ಹೇಳಬೇಕಾದ ಮಾತು ಇದ್ದರೆ ಸೂರ್ಯನ ಬೆಳಕಿನಲ್ಲಿ, ನಾಲ್ಕು ಜನರ ಎದುರಿಗೆ, ಹೇಳಿರಿ. ಆಗ ಕರ್ತನು ಯಾವ ರಾತ್ರಿಯಲ್ಲಿ ಬಂದರೂ ನಾವು ತಲೆ ತಗ್ಗಿಸಿ ಓಡುವವರಾಗಿರದೆ, ತಲೆ ಎತ್ತಿ ಎದುರುಗೊಳ್ಳುವವರಾಗಿರುವೆವು.

ನಕ್ಷತ್ರಗಳನ್ನು ಅವುಗಳ ಸ್ಥಳದಲ್ಲಿ ನಿಲ್ಲಿಸಿರುವ ದೇವರು ನಮ್ಮನ್ನೂ ಸತ್ಯದಲ್ಲಿ ನಿಲ್ಲಿಸಲಿ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಕೃಪೆಯು ನಿಮ್ಮೆಲ್ಲರ ಮನೆಗಳಲ್ಲಿ ಇರಲಿ. ಆಮೆನ್.